ಮೂರು ಸಲ ಸುಟ್ಟುಹೋದ ಅಜಂತಾ

ಮೈಸೂರಿನಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ ಇದು. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಕೆಲವು ಕಡೆ ಒಂದೆರಡು ಮಾತು ಜಾಸ್ತಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಕ್ಯಾನ್ವಾಸ್ ಇಟ್ಟಿದ್ದೇನೆ. ಎರಡರಲ್ಲೂ ಒಂದೇ ಚಿತ್ರ. ನೀಲಿ, ಹಳದಿ ಬಟ್ಟೆಯ ರುಮಾಲು ಸುತ್ತಿಕೊಂಡ ಹುಡುಗಿ ಹೆಗಲ ಮೇಲಿಂದ ತಿರುಗಿ ನಮ್ಮನ್ನು ನೋಡುತ್ತಿದ್ದಾಳೆ. ಕಿವಿಯಲ್ಲಿ ಒಂದು ಮುತ್ತು. ಡಚ್ ಚಿತ್ರಕಾರ ಯೊಹಾನೆಸ್ ವರ್ಮೀರ್ ಸುಮಾರು 1665ರಲ್ಲಿ ಬರೆದ ಚಿತ್ರ ಇದು. ಮೂಲ ಇರುವುದು ಹೇಗ್ ನಗರದ ಮಾರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿ.

ಎಡಗಡೆಯದು ನಾನು ಬರೆದ ಪ್ರತಿ. ನಾಲ್ಕು ತಿಂಗಳು ಹಿಡಿಯಿತು. ಅದರ ಹಿನ್ನೆಲೆ ಸ್ವಲ್ಪ ಹಸಿರಾಗಿ ಕಾಣುತ್ತದೆ. ಅದಕ್ಕೆ ಕಾರಣವಿದೆ, ಆಮೇಲೆ ಹೇಳುತ್ತೇನೆ. ಬಲಗಡೆಯದು ದುಡ್ಡು ಕೊಟ್ಟು ತರಿಸಿದ್ದು. 'ಪೂರ್ತಿ ಕೈಕೆಲಸ' ಎಂದು ಹೇಳಿ ಮಾರಿದ್ದರು. ದೂರದಿಂದ ನೋಡಿದರೆ ಎರಡೂ ಚೆನ್ನಾಗಿವೆ. ಬಲಗಡೆಯದರ ಮೇಲೆ ಬೆರಳಾಡಿಸಿದರೆ ಕುಂಚದ ಗೆರೆ ಕೂಡ ಕೈಗೆ ಸಿಗುತ್ತದೆ.

ಈಗ ಟಾರ್ಚ್ ಅನ್ನು ಪಕ್ಕದಿಂದ ಹಿಡಿಯುತ್ತೇನೆ. ನೋಡಿ, ಗೆರೆಗಳೆಲ್ಲ ಅಡ್ಡಡ್ಡ. ಕೆನ್ನೆಯ ಮೇಲೂ ಅಡ್ಡ, ರುಮಾಲಿನ ಮಡಿಕೆಯ ಮೇಲೂ ಅಡ್ಡ, ಕತ್ತಲೆಯ ಹಿನ್ನೆಲೆಯ ಮೇಲೂ ಅಡ್ಡ. ಚಿತ್ರ ಬರೆಯುವ ಕೈ ಹಾಗೆ ಓಡುವುದಿಲ್ಲ. ಕೆನ್ನೆ ಬರೆಯುವಾಗ ಕೈ ಕೆನ್ನೆಯ ಜೊತೆ ತಿರುಗುತ್ತದೆ. ಬಟ್ಟೆ ಬರೆಯುವಾಗ ಮಡಿಕೆಯ ಜೊತೆ ಇಳಿಯುತ್ತದೆ. ಭೂತಗನ್ನಡಿ ಇಟ್ಟು ನೋಡಿದರೆ ಬಣ್ಣದ ಕೆಳಗೆ ಸಣ್ಣ ಸಣ್ಣ ಚುಕ್ಕೆಗಳು. ಅಂದರೆ ಯಂತ್ರದಲ್ಲಿ ಅಚ್ಚು ಹಾಕಿ, ಮೇಲೆ ಬಣ್ಣವಿಲ್ಲದ ಅಂಟನ್ನು ಬ್ರಷ್‌ನಿಂದ ಬಳಿದಿದ್ದಾರೆ.

ಅಚ್ಚು ಹಾಕುವುದು ತಪ್ಪಲ್ಲ. ಗೋಡೆಗೆ ಒಂದು ಒಳ್ಳೆಯ ಪ್ರಿಂಟ್ ಇದ್ದರೆ ನನಗೂ ಸಂತೋಷವೇ. ಆದರೆ ಅದನ್ನು ಕೈಕೆಲಸ ಎಂದು ಮಾರಿದರೆ ನಿಜವಾದ ಕೈಕೆಲಸದ ಬೆಲೆಯೇ ಹೋಗುತ್ತದೆ. ಮಾರಿದವರ ಹೆಸರು ಬೇಡ, ಅವರೊಬ್ಬರೇ ಹೀಗೆ ಮಾಡುತ್ತಿಲ್ಲ.

ನಾನು ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಹಳೆಯ ಚಿತ್ರಗಳ ಪ್ರತಿ ಬರೆಯುತ್ತಿದ್ದೇನೆ. ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಹೇಳುತ್ತೇನೆ. 'ಓ, ಕಾಪಿನಾ' ಎನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಕಾಪಿ ಅಂದ ತಕ್ಷಣ ನಮಗೆ ನೆನಪಾಗುವುದು ಪರೀಕ್ಷೆಯ ಕೊಠಡಿ, ಅಲ್ವಾ? ಅದಕ್ಕೇ ಇವತ್ತು ಈ ಒಂದು ವಿಷಯ ಇಟ್ಟುಕೊಂಡು ಬಂದಿದ್ದೇನೆ. ಕೈಯಿಂದ ಪ್ರತಿ ಬರೆಯುವುದು ಮರ್ಯಾದೆಯ ಕೆಲಸ. ಆದರೆ ತಾನು ಪ್ರತಿ ಎಂದು ಆ ಪ್ರತಿ ಬಾಯಿಬಿಟ್ಟು ಹೇಳಬೇಕು. ಹೇಳದೆ ಇದ್ದರೆ ಅದು ನಕಲಿ.

ನಕಲು, ನಕಲಿ, ಪ್ರತಿ. ಮೂರು ಪದಗಳೂ ನಮ್ಮಲ್ಲಿವೆ. ನನಗೆ ಇಷ್ಟವಾದದ್ದು ಪ್ರತಿ. ಕನ್ನಡದಲ್ಲಿ ನಾವು ಚಿತ್ರವನ್ನೂ 'ಬರೆಯುತ್ತೇವೆ', ಓಲೆಯನ್ನೂ ಬರೆಯುತ್ತೇವೆ. ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಅವಳನ್ನು ನಾವು ದಾನಚಿಂತಾಮಣಿ ಎಂದು ಕರೆದೆವು. ಆ ಸಾವಿರ ಪ್ರತಿ ಬರೆದ ಕೈಗಳನ್ನು ಯಾರೂ ಕಳ್ಳಕೈ ಎನ್ನಲಿಲ್ಲ. ಹಳೆಯ ಓಲೆಗಟ್ಟುಗಳ ಕೊನೆಯಲ್ಲಿ ಲಿಪಿಕಾರರು ಒಂದು ಮಾತು ಬರೆಯುತ್ತಿದ್ದರು. ಬೆನ್ನು, ಸೊಂಟ, ಕುತ್ತಿಗೆ ಮುರಿಯುವಂತೆ ತಲೆ ಬಗ್ಗಿಸಿ, ನೆಟ್ಟ ಕಣ್ಣಿನಿಂದ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ ಎಂಬ ಅರ್ಥದ ಶ್ಲೋಕ. ಚಿತ್ರದ ಪ್ರತಿ ಬರೆಯುವವರಿಗೂ ಅದೇ ಬೆನ್ನು, ಅದೇ ಕುತ್ತಿಗೆ.

ಜೋಪಾನ ಅಂದೆನಲ್ಲ, ಅಜಂತಾದ ಕಥೆಗೆ ಬರುತ್ತೇನೆ.

1819ರ ಏಪ್ರಿಲ್‌ನಲ್ಲಿ ಜಾನ್ ಸ್ಮಿತ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ಕಾಡಿನ ನಡುವೆ ಅಜಂತಾ ಗುಹೆಗಳನ್ನು ಕಂಡ. ಹತ್ತನೇ ಗುಹೆಯ ಕಂಬದ ಮೇಲೆ ತನ್ನ ಹೆಸರನ್ನೂ ತಾರೀಖನ್ನೂ ಕೆರೆದು ಹೋದ. ಆ ಹೆಸರು ಇನ್ನೂ ಇದೆ. ಅದರ ಸುತ್ತ ಒಂದೂವರೆ ಸಾವಿರ ವರ್ಷದ, ಕೆಲವು ಕಡೆ ಎರಡು ಸಾವಿರ ವರ್ಷದ ಚಿತ್ರಗಳು.

1844ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ಸೈನ್ಯದ ರಾಬರ್ಟ್ ಗಿಲ್ ಎಂಬ ಅಧಿಕಾರಿಗೆ ಒಂದು ಕೆಲಸ ಒಪ್ಪಿಸಿತು. ಗುಹೆಯ ಗೋಡೆಯ ಮೇಲಿರುವುದನ್ನು ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣದಲ್ಲಿ ಬರೆದುಕೊಡಬೇಕು. ಗಿಲ್ ಅಜಂತಾ ಊರಿನಲ್ಲೇ ಮನೆ ಮಾಡಿದ. ಒಳಗೆ ಕತ್ತಲು, ಬಾವಲಿ, ಜೇನು. ಹೊರಗೆ ಹುಲಿ, ಜ್ವರ. ಸುಮಾರು ಮೂವತ್ತು ದೊಡ್ಡ ಕ್ಯಾನ್ವಾಸ್‌ಗಳನ್ನು ಮುಗಿಸಲು ಅವನಿಗೆ ವರ್ಷಗಟ್ಟಲೆ ಹಿಡಿಯಿತು. ಲಂಡನ್ನಿನ ಹತ್ತಿರ ಸಿಡೆನ್‌ಹ್ಯಾಮ್‌ನಲ್ಲಿದ್ದ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಅವನ್ನು ಜನ ನೋಡಲೆಂದು ತೂಗುಹಾಕಿದರು. 1866ರ ಡಿಸೆಂಬರ್‌ನಲ್ಲಿ ಅಲ್ಲಿ ಬೆಂಕಿ ಬಿತ್ತು. ಅಲ್ಲಿದ್ದ ಕ್ಯಾನ್ವಾಸ್‌ಗಳೆಲ್ಲ ಹೋದವು. ಆ ಹೊತ್ತಿಗೆ ಬೇರೆ ಕಡೆ ಇದ್ದ ನಾಲ್ಕೈದು ಮಾತ್ರ ಉಳಿದವು. ಗಿಲ್ 1879ರಲ್ಲಿ ತೀರಿಕೊಂಡ. ಸಮಾಧಿ ಭುಸಾವಳದಲ್ಲಿದೆ.

ಮುಂದಿನ ಸರದಿ ಮುಂಬೈನ ಸರ್ ಜೆ.ಜೆ. ಕಲಾಶಾಲೆಯದು. 1872ರಿಂದ 1885ರವರೆಗೆ ಜಾನ್ ಗ್ರಿಫಿತ್ಸ್ ಎಂಬ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಜಂತಾಕ್ಕೆ ಹೋಗುತ್ತಿದ್ದರು. ಸುಮಾರು ಮುನ್ನೂರು ಚಿತ್ರಗಳಾದವು. ಬಹುಪಾಲು ಎಣ್ಣೆಬಣ್ಣ, ಕ್ಯಾನ್ವಾಸ್. ಬರೆದವರಲ್ಲಿ ಹೆಚ್ಚಿನವರು ನಮ್ಮ ದೇಶದ ಹುಡುಗರು. ಅವೂ ಲಂಡನ್ನಿಗೆ ಹೋದವು. 1885ರಲ್ಲಿ ಸೌತ್ ಕೆನ್ಸಿಂಗ್ಟನ್‌ನ ಮ್ಯೂಸಿಯಂ ಕಟ್ಟಡದಲ್ಲಿ ಮತ್ತೆ ಬೆಂಕಿ. ಅದರಲ್ಲೂ ತುಂಬಾ ಸುಟ್ಟುಹೋದವು. ಉಳಿದವು ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ.

ಮೂರನೆಯದು ಜಪಾನಿನ ಕಥೆ. ಅರಾಯಿ ಕಾಂಪೊ ಎಂಬ ಚಿತ್ರಕಾರರು 1916ರಲ್ಲಿ ರವೀಂದ್ರನಾಥ ಟಾಗೋರರ ಕರೆಯ ಮೇಲೆ ಭಾರತಕ್ಕೆ ಬಂದರು. ಅಜಂತಾಕ್ಕೆ ಹೋಗಿ ಕೂತು ಪ್ರತಿ ಬರೆದರು. ಆ ಪ್ರತಿಗಳು ಟೋಕಿಯೊದ ವಿಶ್ವವಿದ್ಯಾಲಯ ಸೇರಿದವು. 1923ರ ಸೆಪ್ಟೆಂಬರ್‌ನ ದೊಡ್ಡ ಭೂಕಂಪದ ಬೆಂಕಿಯಲ್ಲಿ ಅವೂ ಹೋದವು.

ಮೂರು ಸಲ. ಸಿಡೆನ್‌ಹ್ಯಾಮ್, ಸೌತ್ ಕೆನ್ಸಿಂಗ್ಟನ್, ಟೋಕಿಯೊ. ಈ ಸಾಲನ್ನು ಮೊದಲ ಸಲ ಒಟ್ಟಿಗೆ ಜೋಡಿಸಿಕೊಂಡ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸುಟ್ಟದ್ದು ಮೂಲವಲ್ಲ ನಿಜ. ಆದರೆ ಗಿಲ್ ನೋಡಿದ ಗೋಡೆ ಇಂದಿನ ಗೋಡೆಯಲ್ಲ. ಅವನ ಕಾಲದಲ್ಲಿ ಗೋಡೆಯ ಮೇಲಿದ್ದ ಎಷ್ಟೋ ತುಂಡುಗಳು ಆಮೇಲೆ ಉದುರಿಹೋದವು. ಅಂಥ ಕಡೆ ಮೂಲವೂ ಇಲ್ಲ, ಪ್ರತಿಯೂ ಇಲ್ಲ.

ಅರಾಯಿ ಕಾಂಪೊ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಾರಾ ಹತ್ತಿರದ ಹೊರ್ಯೂಜಿ ದೇವಾಲಯದ ಗೋಡೆಗಳ ಮೇಲೆ ಬಹಳ ಹಳೆಯ ಬೌದ್ಧ ಚಿತ್ರಗಳಿದ್ದವು. ನೋಡಿದವರಿಗೆಲ್ಲ ಅಜಂತಾ ನೆನಪಾಗುತ್ತಿತ್ತು. 1940ರಲ್ಲಿ ಅವುಗಳ ಪ್ರತಿ ಬರೆಯುವ ದೊಡ್ಡ ಕೆಲಸ ಶುರುವಾಯಿತು. ಅರಾಯಿ ಅದರಲ್ಲಿ ಸೇರಿದರು. 1945ರಲ್ಲಿ ತೀರಿಕೊಂಡರು. ಯುದ್ಧ ಮುಗಿಯಿತು, ಕೆಲಸ ಮುಂದುವರಿಯಿತು. 1949ರ ಜನವರಿ 26ರ ಬೆಳಗಿನ ಜಾವ, ಪ್ರತಿ ಬರೆಯುವ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, ಆ ಮಂದಿರಕ್ಕೆ ಬೆಂಕಿ ಹತ್ತಿತು. ಈ ಸಲ ಸುಟ್ಟದ್ದು ಮೂಲ. ಉಳಿದದ್ದು ಪ್ರತಿ ಮತ್ತು ಫೋಟೋ. ಅವುಗಳ ಆಧಾರದ ಮೇಲೆ 1967-68ರಲ್ಲಿ ಚಿತ್ರಕಾರರು ಮತ್ತೆ ಕೂತು ಬರೆದರು. ಇಂದು ಹೊರ್ಯೂಜಿಗೆ ಹೋದವರು ನೋಡುವುದು ಆ ಕೈಗಳ ಕೆಲಸವನ್ನೇ. ಜಪಾನಿನಲ್ಲಿ ಜನವರಿ 26 ಇಂದಿಗೂ ಹಳೆಯ ಕಟ್ಟಡಗಳನ್ನು, ಚಿತ್ರಗಳನ್ನು ಬೆಂಕಿಯಿಂದ ಕಾಪಾಡುವ ದಿನ.

ಪ್ರತಿ ಬರೆಯುವವರೆಲ್ಲ ಒಳ್ಳೆಯದನ್ನೇ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಅಜಂತಾದಲ್ಲಿ ಗೋಡೆಯ ಚಿತ್ರ ಸ್ಪಷ್ಟವಾಗಿ ಕಾಣಲಿ ಎಂದು ಗ್ರಿಫಿತ್ಸ್ ತಂಡದವರು ಅದರ ಮೇಲೆ ವಾರ್ನಿಷ್ ಬಳಿದರು. ಆ ವಾರ್ನಿಷ್ ಕಾಲ ಕಳೆದಂತೆ ಹಳದಿಗಟ್ಟಿತು, ಕಪ್ಪಾಯಿತು. ಪ್ರತಿಗಾಗಿ ಮೂಲವನ್ನೇ ಕೆಡಿಸಿದಂತಾಯಿತು. ನಮ್ಮ ಕೆಲಸದ ಚರಿತ್ರೆಯಲ್ಲಿ ಇದೂ ಇದೆ. ಬಿಟ್ಟು ಹೇಳಬಾರದು.

ಇನ್ನೊಂದು ತೊಂದರೆ ಎಣ್ಣೆಬಣ್ಣದ್ದು. ಅಜಂತಾದ ಗೋಡೆಗೆ ಮಣ್ಣಿನ ಗಾರೆ ಮೆತ್ತಿದ್ದಾರೆ. ಅದರಲ್ಲಿ ಹೊಟ್ಟು, ನಾರು ಕಲಸಿದ್ದಾರೆ. ಮೇಲೆ ತೆಳ್ಳಗೆ ಸುಣ್ಣ. ಅದು ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣ. ಹೊಳಪೇ ಇಲ್ಲದ ಬಣ್ಣ ಅದು. ಎಣ್ಣೆಬಣ್ಣಕ್ಕೆ ಹುಟ್ಟಿನಿಂದಲೇ ಮಿರುಗು. ಹಾಗಾಗಿ ಕ್ಯಾನ್ವಾಸ್ ಮೇಲಿನ ಅಜಂತಾ ಗೋಡೆಯ ಅಜಂತಾಕ್ಕಿಂತ ಕಪ್ಪಾಗಿ, ಭಾರವಾಗಿ ಕಾಣುತ್ತದೆ. ಇದನ್ನು ಚೆನ್ನಾಗಿ ಅರಿತವರು ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್. ಎಣ್ಣೆ ಬಳಸದ ಹಳೆಯ ಟೆಂಪರಾ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ಮತ್ತೆ ಬಳಕೆಗೆ ತರಲು ದುಡಿದವರು ಅವರು. 1909ರಿಂದ 1911ರ ನಡುವೆ ಅಜಂತಾಕ್ಕೆ ಬಂದು ಅವರು ನೀರುಬಣ್ಣ ಹಿಡಿದರು. ಅವರ ಪ್ರತಿಗಳು 1915ರಲ್ಲಿ ಪುಸ್ತಕವಾಗಿ ಬಂದವು.

ಅವರಿಗೆ ನೆರವಾಗಲು ಕಲ್ಕತ್ತದಿಂದ ಅವನೀಂದ್ರನಾಥ ಟಾಗೋರರ ಶಿಷ್ಯರು ಬಂದರು. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್, ಸಮರೇಂದ್ರನಾಥ ಗುಪ್ತ. ನಾಲ್ಕನೆಯವರು ನಮ್ಮ ಮೈಸೂರಿನ ಕೆ. ವೆಂಕಟಪ್ಪ. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು ವಯಸ್ಸು. ಹುಟ್ಟಿದ್ದು 1886ರಲ್ಲಿ, ಅರಮನೆಗೆ ಚಿತ್ರ ಬರೆಯುವ ಚಿತ್ರಗಾರರ ಮನೆತನದಲ್ಲಿ. ಆ ಮನೆತನದಲ್ಲಿ ತಂದೆಯ ಗೆರೆಯ ಮೇಲೆ ಗೆರೆ ಎಳೆದೇ ಮಗ ಕಲಿಯಬೇಕು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಅಲ್ಲಿಗೆ ಹೋದವರು ಊಟಿಯ ನೀರುಬಣ್ಣದ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮಂಜು, ಬೆಟ್ಟ, ಕೊಳ. ಯಾರ ಪ್ರತಿಯೂ ಅಲ್ಲ, ಪೂರ್ತಿ ಅವರದೇ. ಯೌವನದಲ್ಲಿ ಬೇರೆಯವರ ಗೆರೆಗೆ ಬಗ್ಗಿ ದುಡಿದ ಕೈ ಅದು. ಅದರಿಂದ ಆ ಕೈಯ ಸ್ವಂತಿಕೆಗೆ ಏನೂ ಕಡಿಮೆ ಆಗಲಿಲ್ಲ.

ವೆಂಕಟಪ್ಪನವರು ವೀಣೆಯನ್ನೂ ಕಲಿತವರು. ಗುರು ವೀಣೆ ಶೇಷಣ್ಣ. ಸಂಗೀತ ಕಲಿಯುವವರು ಜೀವಮಾನವಿಡೀ ಬೇರೆಯವರ ರಚನೆಯನ್ನೇ ಹಾಡುತ್ತಾರೆ, ನುಡಿಸುತ್ತಾರೆ. ಪುರಂದರದಾಸರ ಪದ ಹಾಡಿದವರನ್ನು ನಕಲು ಮಾಡಿದರು ಎನ್ನುತ್ತೇವಾ? ಇದೇ ಮಾತನ್ನು ಡಚ್ ಚಿತ್ರಕಾರ ವಾನ್ ಗಾಗ್ ತನ್ನ ತಮ್ಮ ಥಿಯೋಗೆ 1889ರ ಸೆಪ್ಟೆಂಬರ್‌ನ ಕಾಗದದಲ್ಲಿ ಬರೆದಿದ್ದಾನೆ. ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದ ಕಾಲ ಅದು. ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳ ಕಪ್ಪುಬಿಳುಪು ಅಚ್ಚುಗಳನ್ನು ಮುಂದಿಟ್ಟುಕೊಂಡು ಬಣ್ಣದಲ್ಲಿ ಬರೆಯುತ್ತಿದ್ದ. ಅಂಥವು ಇಪ್ಪತ್ತೊಂದು. ಬೀಥೋವನ್‌ನ ರಚನೆಯನ್ನು ಬೀಥೋವನ್ನೇ ನುಡಿಸಬೇಕು ಎಂದೇನೂ ಇಲ್ಲವಲ್ಲ, ನುಡಿಸುವವರು ತಮ್ಮದನ್ನೂ ಒಂದಿಷ್ಟು ಸೇರಿಸುತ್ತಾರೆ ಎಂಬುದು ಅವನ ವಾದ. ನನಗೆ ಒಪ್ಪಿಗೆ.

ಆದರೆ ಒಂದು ಕಡೆ ಹಾಡಿಗೂ ಚಿತ್ರಕ್ಕೂ ವ್ಯತ್ಯಾಸವಿದೆ. ಹಾಡುವವರು ಯಾರೇ ಇರಲಿ, ಕೊನೆಗೆ 'ಪುರಂದರ ವಿಠಲ' ಎಂದೇ ಹಾಡಬೇಕು. ಅಂಕಿತ ತೆಗೆದರೆ ಕಳ್ಳತನ. ಚಿತ್ರದಲ್ಲಿ ಇದು ತಿರುವುಮುರುವು. ಮೂಲೆಯ ಸಹಿಯನ್ನೂ ಪ್ರತಿ ಬರೆದರೆ ಅದೇ ಕಳ್ಳತನ. ಯಾಕೆ ಹೀಗೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಅಂಕಿತ ಹೇಳುವುದು 'ಈ ಮಾತು ದಾಸರದು' ಎಂದು. ಹಾಡುವ ಗಂಟಲು ಯಾರದು ಎಂದು ನಮಗೆ ಕಣ್ಣೆದುರೇ ಕಾಣುತ್ತಿರುತ್ತದೆ. ಚಿತ್ರದಲ್ಲಿ ಬರೆದ ಕೈ ಕಾಣುವುದಿಲ್ಲ. ಅಲ್ಲಿ ಸಹಿ ಹೇಳುವುದು 'ಇದನ್ನು ಬರೆದ ಕೈ ನನ್ನದು' ಎಂದು. ಪ್ರತಿಯ ಮೇಲೆ ಆ ಮಾತು ಸುಳ್ಳಾಗುತ್ತದೆ.

ಮೂಲವೇ ಮರೆತದ್ದನ್ನು ಪ್ರತಿ ನೆನಪಿಟ್ಟುಕೊಂಡ ಉದಾಹರಣೆಗಳೂ ಇವೆ. ಮಿಲಾನಿನ ಒಂದು ಕ್ರೈಸ್ತ ಮಠದ ಊಟದ ಮನೆಯ ಗೋಡೆಯ ಮೇಲೆ ಲಿಯೊನಾರ್ಡೊ ಬರೆದ 'ಕೊನೆಯ ಊಟ'ದಲ್ಲಿ ಇಂದು ಏಸುವಿನ ಪಾದಗಳಿಲ್ಲ. 1652ರಲ್ಲಿ ಅಲ್ಲಿ ಗೋಡೆ ಒಡೆದು ಬಾಗಿಲು ಮಾಡಿದರು, ಪಾದ ಹೋಯಿತು. ಆದರೆ ಅದಕ್ಕೂ ನೂರು ವರ್ಷಕ್ಕೆ ಮೊದಲೇ ಜಾಂಪಿಯೆತ್ರಿನೊ ಎಂಬ ಶಿಷ್ಯ ಅದೇ ಚಿತ್ರವನ್ನು ದೊಡ್ಡ ಕ್ಯಾನ್ವಾಸ್ ಮೇಲೆ ಬರೆದಿದ್ದ. ಅದರಲ್ಲಿ ಪಾದಗಳಿವೆ. ಜೂದಾಸನ ಕೈ ತಗಲಿ ಉರುಳಿದ ಉಪ್ಪಿನ ಬಟ್ಟಲೂ ಇದೆ. ಮೂಲವನ್ನು 1978ರಿಂದ 1999ರವರೆಗೆ ದುರಸ್ತಿ ಮಾಡಿದಾಗ ಈ ಪ್ರತಿಯನ್ನೂ ನೋಡಿಕೊಂಡರು. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿ ಒಂದು ಮೋನಾಲಿಸಾ ಇದೆ. ಹಿನ್ನೆಲೆಯ ಕಪ್ಪು ಬಣ್ಣವನ್ನು ತೆಗೆದ ಮೇಲೆ 2012ರಲ್ಲಿ ಎಲ್ಲರಿಗೂ ಗೊತ್ತಾಯಿತು: ಅದನ್ನು ಬರೆದದ್ದು ಲಿಯೊನಾರ್ಡೊನ ಕಾರ್ಯಶಾಲೆಯಲ್ಲೇ, ಮೂಲದ ಜೊತೆಜೊತೆಗೇ. ಗುರು ಬಣ್ಣದ ಕೆಳಗೆ ಗೆರೆ ತಿದ್ದಿದ ಕಡೆಯಲ್ಲೆಲ್ಲ ಶಿಷ್ಯನೂ ತಿದ್ದಿದ್ದಾನೆ. ಪಕ್ಕದಲ್ಲೇ ಕೂತು ಬರೆದವನು ಮಾತ್ರ ಹಾಗೆ ಮಾಡಬಲ್ಲ. ಆ ಮೋನಾಲಿಸಾಳಿಗೆ ಹುಬ್ಬು ಕೂಡ ಕಾಣುತ್ತದೆ.

ಈಗ ನನ್ನ ಕ್ಯಾನ್ವಾಸ್‌ಗೆ ಬರೋಣ. ಮುತ್ತಿನ ಹುಡುಗಿಗೆ.

ಲಿನನ್ ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯಾಗಿ ಎಳೆದು ಮೊಳೆ ಹೊಡೆಯಬೇಕು. ಬೆರಳಲ್ಲಿ ತಟ್ಟಿದರೆ ತಮಟೆಯ ಸದ್ದು ಬರಬೇಕು. ಮೊದಲು ಅಂಟು. ಅದಿಲ್ಲದಿದ್ದರೆ ಬಣ್ಣದಲ್ಲಿರುವ ಅಗಸೆ ಎಣ್ಣೆ ಬಟ್ಟೆಯನ್ನು ನಿಧಾನವಾಗಿ ತಿಂದುಬಿಡುತ್ತದೆ. ಆಮೇಲೆ ಬಿಳಿ ಪ್ರೈಮರ್, ಉಜ್ಜುವುದು, ಮತ್ತೆ ಪ್ರೈಮರ್. ಅದರ ಮೇಲೆ ಚೌಕಳಿ ಎಳೆದು ಚಿತ್ರದ ಅಳತೆ ಇಳಿಸಬೇಕು. ಮೊದಲ ಪದರ ಕಂದು ಮತ್ತು ಕಪ್ಪಿನಲ್ಲಿ ಬರೀ ನೆರಳು, ಬೆಳಕು. ಅದು ಒಣಗಿದ ಮೇಲೆ ಬಣ್ಣ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಮೇಲೆ ಹೋದಂತೆ ಜಾಸ್ತಿ. ಇದು ತಪ್ಪಿದರೆ ಮೇಲಿನ ಪದರ ಬಿರಿಯುತ್ತದೆ. ಈ ನಾಲ್ಕು ತಿಂಗಳಲ್ಲಿ ಕುಂಚ ಹಿಡಿದ ದಿನಗಳಿಗಿಂತ ಬಣ್ಣ ಒಣಗಲಿ ಎಂದು ಕಾದ ದಿನಗಳೇ ಜಾಸ್ತಿ.

ಇನ್ನು ಮುತ್ತು. ಮೂಲದ ದೊಡ್ಡ ಫೋಟೋದಲ್ಲಿ ಹತ್ತಿರ ಹೋಗಿ ನೋಡಿ. ಮುತ್ತಿಗೆ ಅಂಚಿನ ಗೆರೆಯೇ ಇಲ್ಲ. ಕಿವಿಗೆ ಸಿಕ್ಕಿಸುವ ಕೊಂಡಿ ಇಲ್ಲ. ಮೇಲ್ಗಡೆ ದಪ್ಪ ಬಿಳಿಯ ಒಂದು ತಟ್ಟು. ಕೆಳಗಡೆ ಅವಳ ಬಿಳಿ ಕಾಲರಿನ ನೆರಳುಬೆಳಕು, ತೆಳ್ಳಗೆ. ಅಷ್ಟೇ ಇರುವುದು. ಉಳಿದ ಮುತ್ತನ್ನು ನಮ್ಮ ಕಣ್ಣೇ ಕಟ್ಟಿಕೊಳ್ಳುತ್ತದೆ.

ಮೊದಲ ಸಲ ನಾನು ಸುತ್ತ ಗೆರೆ ಹಾಕಿದೆ. ಗೋಲಿಯಂತಾಯಿತು. ಚಾಕುವಿನಿಂದ ಕೆರೆದು, ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದೆ. ಎರಡನೆಯ ಸಲ ಕೆಳಗಿನ ಬಿಳಿ ಜಾಸ್ತಿಯಾಯಿತು. ಮುತ್ತು ಕುತ್ತಿಗೆಯಿಂದ ಮುಂದೆ ಹಾರಿಬಂದಂತೆ ಕಂಡಿತು. ಐದನೆಯ ಸಲಕ್ಕೆ ಗೊತ್ತಾಯಿತು, ಕೆಳಗಿನದು ಬಿಳಿಯೇ ಅಲ್ಲ, ಬೂದು. ಪಕ್ಕದಲ್ಲಿ ಕತ್ತಲೆ ಇರುವುದರಿಂದ ಬಿಳಿಯ ಹಾಗೆ ಕಾಣುತ್ತದೆ. ಹನ್ನೊಂದನೆಯ ಸಲ ಕೂತಿತು. ಮೇಲಿನ ಬಿಳಿ ತಟ್ಟು ಒಂದೇ ಏಟಿಗೆ ಬೀಳಬೇಕು. ತಿದ್ದಲು ಹೋದರೆ ಸತ್ತುಹೋಗುತ್ತದೆ. ಹಾಗೆಯೇ ಅವಳ ಮೂಗನ್ನು ನೋಡಿ. ಬೆಳಕು ಬಿದ್ದ ಕಡೆ ಮೂಗಿಗೂ ಕೆನ್ನೆಗೂ ನಡುವೆ ಗೆರೆಯಿಲ್ಲ. ಎರಡೂ ಒಂದರೊಳಗೊಂದು ಕರಗಿವೆ. ಈ ಚಿತ್ರವನ್ನು ಪುಸ್ತಕಗಳಲ್ಲಿ ನೂರು ಸಲ ನೋಡಿದ್ದೆ. ಬರೆಯುವವರೆಗೆ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹಸಿರಿನ ವಿಷಯ ಹೇಳುತ್ತೇನೆ ಎಂದಿದ್ದೆನಲ್ಲ. 2018ರಲ್ಲಿ ಮಾರಿಟ್ಸ್‌ಹೌಸ್‌ನವರು ಈ ಚಿತ್ರವನ್ನು ಕ್ಯಾಮೆರಾ, ಎಕ್ಸ್‌ರೇ, ಸೂಕ್ಷ್ಮದರ್ಶಕ ಎಲ್ಲ ಬಳಸಿ ಪರೀಕ್ಷೆ ಮಾಡಿದರು. 2020ರಲ್ಲಿ ಹೊರಬಿದ್ದ ಸಂಗತಿ ಇದು: ನಾವು ಕಪ್ಪು ಎಂದುಕೊಂಡ ಹಿನ್ನೆಲೆ ನಿಜವಾಗಿ ಹಸಿರು ಪರದೆ. ಮಡಿಕೆಗಳೂ ಇದ್ದವು. ನೀಲಿ ಹಾಗೂ ಗಿಡದಿಂದ ತೆಗೆದ ಹಳದಿ ಸೇರಿಸಿ ತೆಳ್ಳಗೆ ಬಳಿದ ಹಸಿರು ಅದು. ಕಾಲ ಅದನ್ನು ತಿಂದುಹಾಕಿತು. ಕಣ್ಣಿಗೆ ಸಣ್ಣ ರೆಪ್ಪೆಕೂದಲೂ ಇತ್ತಂತೆ. ಹಾಗಾದರೆ ಪ್ರತಿ ಬರೆಯುವವರು ಏನನ್ನು ಬರೆಯಬೇಕು? ಇಂದು ಕಾಣುವ ಕಪ್ಪನ್ನೋ, ವರ್ಮೀರ್ ಕಂಡ ಹಸಿರನ್ನೋ? ಕಪ್ಪು ಬರೆದರೆ ಚಿತ್ರದ ಜೊತೆ ಅದರ ಮುಪ್ಪನ್ನೂ ಬರೆದಂತೆ. ಹಸಿರು ಬರೆದರೆ ಯಾರೂ ನೋಡದ್ದನ್ನು ಊಹಿಸಿದಂತೆ. ನಾನು ಕಪ್ಪಿನ ಮೇಲೆ ತೆಳ್ಳಗೆ ಹಸಿರು ಎಳೆದೆ. ಇದು ಸರಿ ಎಂದು ವಾದ ಮಾಡುವುದಿಲ್ಲ. ಆದರೆ ಹೀಗೆ ಮಾಡಿದ್ದೇನೆ ಎಂದು ಬರೆದಿಟ್ಟಿದ್ದೇನೆ.

ರುಮಾಲಿನ ನೀಲಿಯನ್ನು ವರ್ಮೀರ್ ಅಫ್ಘಾನಿಸ್ತಾನದ ಕಲ್ಲನ್ನು ಅರೆದು ಮಾಡಿದ ಬಣ್ಣದಲ್ಲಿ ಬರೆದ. ನನ್ನದು ಕಾರ್ಖಾನೆಯ ಅಲ್ಟ್ರಾಮರೀನ್. ಅಂಥದ್ದು 1820ರ ದಶಕದಿಂದಲೇ ಸಿಗುತ್ತಿದೆ. ಟ್ಯೂಬ್ ಒತ್ತಿದರೆ ಸಾಕು, ಬರುತ್ತದೆ. ಬಣ್ಣದ ಮಟ್ಟಿಗೆ ಹೇಳುವುದಾದರೆ ನಾನು ಅವನಿಗಿಂತ ಅದೃಷ್ಟವಂತ.

ಪ್ರತಿ ಎಂದ ಮೇಲೆ ಚೀನಾದ ದಾಫೆನ್ ಬಗ್ಗೆ ಹೇಳದೆ ಹೋಗಬಾರದು. ಶೆನ್‌ಜೆನ್ ನಗರದೊಳಗಿನ ಒಂದು ಪುಟ್ಟ ಊರು. 1989ರಲ್ಲಿ ಹಾಂಗ್‌ಕಾಂಗ್‌ನಿಂದ ಹುವಾಂಗ್ ಜಿಯಾಂಗ್ ಎಂಬವರು ಸುಮಾರು ಇಪ್ಪತ್ತು ಚಿತ್ರಕಾರರನ್ನು ಕರೆದುಕೊಂಡು ಬಂದು ಅಲ್ಲಿ ಕೆಲಸ ಶುರು ಮಾಡಿದರು. ಮುಂದೆ ಸಾವಿರಾರು ಜನ ಸೇರಿದರು. ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ವಾನ್ ಗಾಗ್‌ನ ಸೂರ್ಯಕಾಂತಿಯನ್ನೂ ನಕ್ಷತ್ರದ ರಾತ್ರಿಯನ್ನೂ ಬರೆದು ಬರೆದು ಲೋಕಕ್ಕೆಲ್ಲ ಕಳಿಸಿದರು. ಅವರನ್ನು 'ಯಂತ್ರದ ಹಾಗೆ' ಎಂದು ಹಗುರವಾಗಿ ಆಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕೈಗೆ ಸ್ವಲ್ಪವೇ ದುಡ್ಡು, ಹೊತ್ತು ಕಡಿಮೆ, ಆದರೂ ಕುಂಚ ಹಿಡಿದ ಕೈ ಅದು. ತಪ್ಪು ಎಲ್ಲಿದೆಯೆಂದರೆ, ಆ ಚಿತ್ರ ದೂರದ ಊರಿನ ಅಂಗಡಿ ಸೇರುವ ಹೊತ್ತಿಗೆ ಬರೆದವರ ಹೆಸರು ಅಳಿಸಿಹೋಗಿರುತ್ತದೆ. ಅಂದ ಹಾಗೆ, ಸೂರ್ಯಕಾಂತಿಯ ಪ್ರತಿ ಬರೆದವರಲ್ಲಿ ವಾನ್ ಗಾಗ್ ಕೂಡ ಒಬ್ಬ. 1888ರ ಆಗಸ್ಟ್‌ನಲ್ಲಿ ಬರೆದದ್ದು ಲಂಡನ್ನಿನಲ್ಲಿದೆ. ಅದನ್ನೇ ನೋಡಿಕೊಂಡು 1889ರ ಜನವರಿಯಲ್ಲಿ ಮತ್ತೆ ಬರೆದದ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ.

ನಮ್ಮೂರಿನ ಚಿತ್ರಕ್ಕೆ ಬರುತ್ತೇನೆ. ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸು, 'ಗ್ಲೋ ಆಫ್ ಹೋಪ್'. ಮೈಸೂರಿನವರು ಚಿಕ್ಕಂದಿನಲ್ಲಿ ಒಮ್ಮೆಯಾದರೂ ಅದರ ಮುಂದೆ ನಿಂತಿರುತ್ತೀರಿ. ಕೈಯ ಮರೆಯಿಂದ ಸೋರುವ ಬೆಳಕು, ಬೆಳಕಿಗೆ ಕೆಂಪಾದ ಬೆರಳು. ಇದನ್ನು ಬರೆದವರು ರವಿವರ್ಮ ಎಂದು ಈಗಲೂ ಎಷ್ಟೋ ಜನ ಹೇಳುತ್ತಾರೆ. ಅಲ್ಲ. ಬರೆದವರು ಎಸ್.ಎಲ್. ಹಳದಣಕರ್, 1945-46ರಲ್ಲಿ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ದೀಪ ಹಿಡಿದು ನಿಂತವರು ಹಳದಣಕರ್ ಅವರ ಮಗಳು. ಇನ್ನೊಂದು ಮುಖ್ಯ ವಿಷಯ, ಅದು ನೀರುಬಣ್ಣ. ಕಾಗದದ ಮೇಲೆ ಬರೆದದ್ದು.

ಒಮ್ಮೆ ಒಬ್ಬರು ಬಂದು ಅದರ ಪ್ರತಿ ಕೇಳಿದರು. ದೊಡ್ಡ ಕ್ಯಾನ್ವಾಸ್, ಎಣ್ಣೆಬಣ್ಣ, ಮೂಲೆಯಲ್ಲಿ ರವಿವರ್ಮರ ಸಹಿ. ನಾನು ಎಲ್ಲ ವಿವರಿಸಿದೆ. ಸಹಿ ಹಾಕುವುದಿಲ್ಲ ಎಂದೆ. ಅವರು ಬೇಡ ಎಂದು ಹೋದರು. ನನಗೆ ಮಾತ್ರ ಆ ಚಿತ್ರ ತಲೆಯಲ್ಲೇ ಉಳಿಯಿತು. ಆಮೇಲೆ ಸುಮ್ನೆ ನನಗಾಗಿ ಕಾಗದದ ಮೇಲೆ ಆ ಕೈಯನ್ನಷ್ಟೇ ಬರೆದು ನೋಡಿದೆ. ಎಣ್ಣೆಬಣ್ಣದಲ್ಲಿ ಕತ್ತಲೆ ಬಳಿದು, ಅದರ ಮೇಲೆ ಬೆಳಕು ಹಚ್ಚಬಹುದು. ನೀರುಬಣ್ಣದಲ್ಲಿ ಬೆಳಕನ್ನು ಹಚ್ಚಲಾಗದು, ಉಳಿಸಬೇಕು. ಕಾಗದದ ಬಿಳಿಯೇ ಬೆಳಕು. ಸುತ್ತ ಅಷ್ಟೊಂದು ಕತ್ತಲೆ ಬಳಿಯುವಾಗ ಒಂದು ಹನಿ ಆ ಕಡೆ ಹರಿದರೂ ದೀಪ ಆರುತ್ತದೆ. ಇಡೀ ಚಿತ್ರದಲ್ಲಿ ಹಳದಣಕರ್ ಅದನ್ನು ಆರದಂತೆ ಕಾದಿದ್ದಾರೆ. ಎಣ್ಣೆಬಣ್ಣದಲ್ಲಿ ಪ್ರತಿ ಬರೆದರೆ ದೀಪ ಬರುತ್ತದೆ, ಆ ಕಾವಲು ಬರುವುದಿಲ್ಲ.

ಕೊಳ್ಳುವವರಿಗೆ ನನ್ನ ಸಲಹೆ ಚಿಕ್ಕದು. ಮುಂದುಗಡೆ ನೋಡಿದ್ದಾದ ಮೇಲೆ ಚಿತ್ರವನ್ನು ತಿರುಗಿಸಿ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಮ್ಯೂಸಿಯಂ ತೆರೆದ ಕಾಲದಿಂದ, ಅಂದರೆ 1793ರಿಂದಲೂ ಪ್ರತಿ ಬರೆಯುವವರಿಗೆ ಜಾಗ ಕೊಟ್ಟಿದ್ದಾರೆ. ಆದರೆ ನಿಯಮಗಳಿವೆ. ಮೂಲದ ಅಳತೆಯಲ್ಲೇ ಬರೆಯುವಂತಿಲ್ಲ, ದೊಡ್ಡದೋ ಚಿಕ್ಕದೋ ಇರಬೇಕು. ಮೂಲದ ಸಹಿ ಬರೆಯುವಂತಿಲ್ಲ. ಮುಗಿದ ಮೇಲೆ ಹಿಂಬದಿಗೆ ಮ್ಯೂಸಿಯಂನವರು ಮುದ್ರೆ ಒತ್ತುತ್ತಾರೆ. ನನಗೆ ಮುದ್ರೆ ಒತ್ತುವವರು ಯಾರೂ ಇಲ್ಲ. ಆದರೂ ಆ ನಿಯಮಗಳನ್ನೇ ಪಾಲಿಸುತ್ತೇನೆ.

ಎಡಗಡೆಯದನ್ನು ತಿರುಗಿಸುತ್ತೇನೆ. ಹಿಂಬದಿಯಲ್ಲಿ ಬರೆದಿರುವುದನ್ನು ಓದುತ್ತೇನೆ.

'ಮುತ್ತಿನ ಓಲೆಯ ಹುಡುಗಿ. ಮೂಲ: ಯೊಹಾನೆಸ್ ವರ್ಮೀರ್, ಸುಮಾರು 1665, ಮಾರಿಟ್ಸ್‌ಹೌಸ್, ಹೇಗ್. ಮೂಲದ ಅಳತೆ 44.5 × 39 ಸೆಂ.ಮೀ. ಈ ಪ್ರತಿ ಅದಕ್ಕಿಂತ ಐದನೇ ಒಂದು ಭಾಗ ದೊಡ್ಡದು. ನೀಲಿ ಕಾರ್ಖಾನೆಯದು. ಹಿನ್ನೆಲೆಯ ಹಸಿರು ನನ್ನ ಊಹೆ. ಮುತ್ತು ಹನ್ನೊಂದನೆಯ ಸಲದ್ದು.' ಕೆಳಗೆ ನನ್ನ ಹೆಸರು, ತಾರೀಖು.

ಬಲಗಡೆಯದನ್ನೂ ತಿರುಗಿಸುತ್ತೇನೆ. ಇದರಲ್ಲಿ ಏನೂ ಬರೆದಿಲ್ಲ.

ಟಾರ್ಚ್, ಭೂತಗನ್ನಡಿ ಎರಡನ್ನೂ ಇಲ್ಲೇ ಇಡುತ್ತೇನೆ. ಒಬ್ಬೊಬ್ಬರಾಗಿ ಬಂದು ನೋಡಿ.